ಕಂಬ ನಿಲ್ಲಿಸುವವರು

ಅಪ್ಪನಿಗೆ ಕಲಾಳ ನಮಸ್ಕಾರ.

ಚಲಪತಿಯ ಹೆಸರೆತ್ತದೆ, ನನ್ನ ಕೆಲಸದ ಸುದ್ದಿಯಷ್ಟೇ ಬರೆದು ಮುಗಿಸೋಣವೆಂದಿದ್ದೆ. ಫೋನಿನಲ್ಲಿ ತಮ್ಮನ ಮಾತು ಬಂದರೆ ನೀನು ಇಟ್ಟುಬಿಡುತ್ತೀಯ. ಪತ್ರವನ್ನಾದರೂ ಓದುತ್ತೀಯ ಎಂದುಕೊಂಡಿದ್ದೇನೆ.

ನಂದಿದುರ್ಗದ ಚಿನ್ನದ ಗಣಿಯಲ್ಲಿ ಸುರಂಗ ಕುಸಿಯದಂತೆ ಮರದ ಕಂಬ ನಿಲ್ಲಿಸುವುದು ನಿನ್ನ ಕೆಲಸವಾಗಿತ್ತು. "ಬಂಡೆ ಒಡ್ದೋನ್ಗೇ ಎಸರು, ಕಂಬ ಕೊಟ್ಟೋನ್ನ ಯಾರ್ ಕೇಳ್ತಾರಮ್ಮ?" ಅನ್ನುತ್ತಿದ್ದೆ. ಮಿದುಳಿನಲ್ಲೂ ಹಾಗೆಯೇ. ಎಲ್ಲರೂ ನರಕೋಶಗಳನ್ನೇ ಹೊಗಳುತ್ತಾರೆ. ಅವುಗಳಿಗೆ ಆಸರೆಯಾಗಿ ನಿಲ್ಲುವ, ನಕ್ಷತ್ರದ ಆಕಾರದ ಬೇರೆ ಕೋಶಗಳಿವೆ. ಚಲಪತಿ ಚುಚ್ಚಿಕೊಳ್ಳುತ್ತಿದ್ದಂಥ ಅಮಲಿನ ಮದ್ದು ಕೊಟ್ಟ ಇಲಿಗಳಲ್ಲಿ ಅವು ಮುದುಡಿದ್ದನ್ನು ನಿನ್ನೆ ನಮ್ಮ ಲ್ಯಾಬಿನಲ್ಲಿ ಕಣ್ಣಾರೆ ನೋಡಿದೆ. ಮದ್ದು ನಿಲ್ಲಿಸಿ ವಾರಗಳಾದರೂ ಮುದುಡಿಯೇ ಇದ್ದವು. ಆದರೆ ಸತ್ತಿರಲಿಲ್ಲ, ಅಪ್ಪ. ಮತ್ತೆ ಚಾಚಿಕೊಳ್ಳಬಹುದೇನೋ. ಖುಷಿಗೆ ನನಗೆ ಊಟವೇ ಸೇರಲಿಲ್ಲ.

"ಬಿಟ್ಮೇಲೂ ಆಸೆ ಓಗ್ಲಿಲ್ಲ ಅಂದ್ರೆ ಅವನಿಗೆ ಮಾನ ಇಲ್ಲ" ಅಂದಿದ್ದೆ ನೀನು. ಅದು ಮಾನದ ಮಾತಲ್ಲ, ಒಳಗಿನ ಕಂಬ ಇನ್ನೂ ನೆಟ್ಟಗಾಗಿಲ್ಲ ಎಂದು ನನಗನ್ನಿಸುತ್ತದೆ. ನೋಡಿದ್ದು ಇಲಿಗಳನ್ನು, ಅಕ್ಕನಾದ್ದರಿಂದ ಆತುರಪಡುತ್ತಿದ್ದೇನೋ ಏನೋ.

ಕಂಬ ಸಡಿಲವಾದ ಕಡೆ ನೀನು ಯಾರನ್ನೂ ಒಂಟಿಯಾಗಿ ಬಿಟ್ಟವನಲ್ಲ. ಒಂಬತ್ತನೇ ತಾರೀಕು, ಭಾನುವಾರ, ಅವನನ್ನು ಆಸ್ಪತ್ರೆಯಿಂದ ಬಿಡುತ್ತಾರೆ. ಬಂಗಾರಪೇಟೆಯಲ್ಲಿ ಮಾರಿಕುಪ್ಪಂ ರೈಲು ನಾನು ಹತ್ತಿಸುತ್ತೇನೆ. ಜೊತೆಗೆ ಬರಲೂಬಹುದು, ಆದರೆ ಇಳಿದ ಮೇಲೆ ಅವನು ಹುಡುಕುವುದು ನಿನ್ನನ್ನು. ಅವನ ಹಳೆಯ ಗೆಳೆಯರು ಸ್ಟೇಷನ್ನಿಗೆ ಬರುವುದಕ್ಕೆ ಮುಂಚೆ ನೀನು ಅಲ್ಲಿ ನಿಂತಿರು. ಮಾತಾಡಿಸದಿದ್ದರೂ ಪರವಾಗಿಲ್ಲ, ಮನೆಯವರೆಗೆ ಜೊತೆಯಲ್ಲಿ ನಡೆ.

ನಿನ್ನ ಮಗಳು,
ಕಲಾ

ಅಂಚೆಗೆ ಹಾಕುವುದು: ನವೆಂಬರ್ 3, ಸೋಮವಾರ