ಸರಕಾರ ಹಾಕಿದ ಕೀಲಿ

ಕಾತ್ರಜ, ಪುಣೆ
ಶುಕ್ರವಾರ, ೨೦ ಫೆಬ್ರವರಿ ೨೦೨೬

ಧಾರವಾಡದಲ್ಲಿ ಕೂತು ಪುಣೆಯ ನನ್ನ ಸಂಸಾರವನ್ನೂ ಆಳುವ ಪ್ರೀತಿಯ ರಂಜನಕ್ಕನಿಗೆ, ತಂಗಿ ಮಾಧುರಿಯ ನಮಸ್ಕಾರಗಳು.

ಅಕ್ಕಾ, ಮೊದಲು ಸುದ್ದಿ, ಯೋಗಕ್ಷೇಮ ಆಮೇಲೆ. ನಿನ್ನೆ ನನ್ನ ಅಂಗಡಿಯ ಶಟರ್ ಎತ್ತಿದೆ! ನಾನೇ ಎತ್ತಿದೆ, ಎರಡೂ ಕೈಯಿಂದ. ಇವರು ಸಹಾಯಕ್ಕೆ ಬಂದರು, ದೂರ ನಿಲ್ಲಿರಿ ಅಂದೆ. ಬೋರ್ಡಿನ ಮೇಲೆ ಮರಾಠಿಯಲ್ಲೂ ಕನ್ನಡದಲ್ಲೂ 'ಮಾಧುರಿ ಖಣ' ಎಂದು ಬರೆಸಿದ್ದೇನೆ. ಈ ಗಂಟಿನಲ್ಲಿರುವ ಕುಪ್ಪಸ ಅಂಗಡಿಯಲ್ಲಿ ಹೊಲಿದ ಮೊದಲನೆಯದು. ಗುಳೇದಗುಡ್ಡದ ಖಣ, ನಿನಗೆ ಸೇರುವ ಹಸಿರು, ಕೆಂಪು ಅಂಚು. ತೋಳು ಒಂದಿಷ್ಟು ಸಡಿಲ ಬಿಟ್ಟಿದ್ದೇನೆ. ಯಾಕೆ ಎಂದು ನನ್ನನ್ನು ಕೇಳಬೇಡ, ಕನ್ನಡಿಯನ್ನು ಕೇಳು.

ಇದೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ನಿನ್ನ ಫೋನು ಸದಾ ಸ್ಪೀಕರಿನ ಮೇಲೆ, ಪಕ್ಕದಲ್ಲಿ ಸಿದ್ರಾಮಪ್ಪ ಭಾವ ಪೇಪರ್ ಹಿಡಿದು, ಕಿವಿ ಮಾತ್ರ ನಮ್ಮ ಕಡೆ ಕೊಟ್ಟು ಕೂತಿರುತ್ತಾರೆ. ಭಾವನಿಗೆ ತಿಳಿದದ್ದು ಸಂಜೆಯೊಳಗೆ ನಮ್ಮನೆಯವರಿಗೆ ತಿಳಿಯುತ್ತದೆ. ಈ ಪತ್ರದಲ್ಲಿ ಒಂದು ಗುಟ್ಟಿದೆ. ಅದಕ್ಕೇ ಕುಪ್ಪಸದ ಮಡಿಕೆಯಲ್ಲಿಟ್ಟು ಧಾರವಾಡದ ಬಸ್ಸಿಗೆ ಕೊಟ್ಟು ಕಳಿಸುತ್ತಿದ್ದೇನೆ. ಓದಿದ ಮೇಲೆ ಹರಿದುಹಾಕು.

ನನ್ನ ಗಂಡನನ್ನು ನೀನು ನಮ್ಮ ಮದುವೆಯಾದ ವರ್ಷದಿಂದ ಧರ್ಮಛತ್ರ ಎಂದೇ ಕರೆಯುತ್ತೀ. ನನಗೆ ಸಿಟ್ಟು ಬರುತ್ತಿತ್ತು, ಆದರೆ ಸುಳ್ಳು ಅನ್ನಲು ಬಾಯಿ ಬರುತ್ತಿರಲಿಲ್ಲ. ಟ್ರಾನ್ಸ್‌ಪೋರ್ಟ್ ಆಫೀಸಿನಲ್ಲಿ ಲಾರಿ ಡ್ರೈವರುಗಳನ್ನು ಗಡಗಡ ನಡುಗಿಸುವ ಚನ್ನವೀರರು, ಮನೆಯ ಸೋಫಾದ ಮೇಲೆ ನಂಟನೊಬ್ಬ ಕೂತು ಮುಖ ಸಣ್ಣದು ಮಾಡಿದರೆ ಕರಗಿ ನೀರಾಗುತ್ತಾರೆ. ಇಲ್ಲ ಎಂಬ ಮಾತು ಅವರ ಗಂಟಲಿನಿಂದ ಮೇಲೆ ಬಂದದ್ದನ್ನು ನಾನು ಕಂಡೇ ಇರಲಿಲ್ಲ. ನನ್ನ ಹೊಲಿಗೆಯ ದುಡ್ಡಿನ ಎಫ್‌ಡಿ ಮೂರು ಸಲ ಮುರಿದದ್ದು ನಿನಗೆ ಗೊತ್ತು. ಒಮ್ಮೆ ಇವರ ಚಿಕ್ಕಪ್ಪನ ಮಗ, ನಿಪ್ಪಾಣಿಯ ಗುರಣ್ಣನ ಟೆಂಪೋಕ್ಕೆ. ಒಮ್ಮೆ ಆಫೀಸಿನವರೊಬ್ಬರ ಮಗಳ ಕಾಲೇಜಿಗೆ. ಮೂರನೆಯ ಸಲ ಮತ್ತೆ ಗುರಣ್ಣನಿಗೇ, ಅದೇ ಟೆಂಪೋದ ಎಂಜಿನ್ನಿಗೆ.

ಬ್ಯಾಂಕು ನಮ್ಮ ಓಣಿಯ ತುದಿಯಲ್ಲೇ ಇದೆ. ಇವರು ಎಫ್‌ಡಿಯ ರಸೀದಿ ಹಿಡಿದು ಅಡಿಗೆಮನೆಯ ಬಾಗಿಲಲ್ಲಿ ಬಂದು ನಿಲ್ಲುತ್ತಿದ್ದರು. ಬಾಯಿಬಿಟ್ಟು ಕೇಳುತ್ತಲೂ ಇರಲಿಲ್ಲ. ಆ ಮುಖ ನೋಡಲಾರದೆ ನಾನೇ ಕೈ ಒರೆಸಿಕೊಂಡು ಸಹಿ ಹಾಕುತ್ತಿದ್ದೆ. ಅವರಿಗೆ ನಂಟರ ಎದುರು ಇಲ್ಲ ಅನ್ನಲು ಬಾರದು, ನನಗೆ ಅವರ ಎದುರು ಇಲ್ಲ ಅನ್ನಲು ಬಾರದು. ಈ ಎರಡನೆಯದನ್ನು ನೀನು ಎಂದೂ ಲೆಕ್ಕಕ್ಕೆ ಹಿಡಿಯಲಿಲ್ಲ, ಬೈಗುಳವೆಲ್ಲ ಅವರ ಪಾಲಿಗೇ ಹೋಯಿತು.

ಆದರೆ ಈ ಸಲ ನನಗೆ ಗಾಳಾ ಬೇಕೇ ಬೇಕಿತ್ತು ಅಕ್ಕಾ. ಗಾಳಾ ಅಂದರೆ ಇಲ್ಲಿಯವರ ಮಾತಿನಲ್ಲಿ ಅಂಗಡಿಯ ಕೋಣೆ. ಮೂರನೆಯ ಅಂತಸ್ತಿನ ಮನೆ, ಒಲೆಯ ಪಕ್ಕ ಮಷಿನ್ನು. ಮಗರಪಟ್ಟಾದಿಂದ ಮೆಟ್ಟಿಲು ಹತ್ತಿ ಬಂದ ಹುಡುಗಿಯೊಬ್ಬಳು ಹೊಸ ಕುಪ್ಪಸ ಮೂಸಿ ನೋಡಿ, ಕಾಕೂ, ಹ್ಯಾಲಾ ಫೋಡ್ಣೀಚಾ ವಾಸ ಯೇತೋಯ್ ಅಂದಳು. ರೇಷ್ಮೆ ಖಣಕ್ಕೆ ಒಗ್ಗರಣೆಯ ವಾಸನೆ! ಅವತ್ತು ಮಷಿನ್ನಿನ ಮೇಲೆ ತಲೆ ಇಟ್ಟು ಅತ್ತೆ. ಅದೇ ವಾರ, ಕೆಳಗೆ ರಸ್ತೆಗೆ ಹೊಂದಿ ಪಾರ್ಲರ್ ನಡೆಸುತ್ತಿದ್ದ ಶಿವಾನಿ, ತಾನು ವರ್ಷದ ಮೇಲೆ ಊರಿನ ಆ ತುದಿಯ ವಾಕಡಕ್ಕೆ ಹೋಗುವವಳೆಂದೂ, ಎರಡು ಲಕ್ಷ ಡಿಪಾಜಿಟ್ ತಯಾರಿಟ್ಟರೆ ಗಾಳಾ ನನಗೇ, ಇಲ್ಲವಾದರೆ ಮೊಬೈಲ್ ಕವರ್ ಮಾರುವವನಿಗೆಂದೂ ಹೇಳಿದಳು. ಗಾಳಾ ಅವಳ ಸ್ವಂತದ್ದು, ಮಾತಿಗೆ ತಪ್ಪುವವಳಲ್ಲ. ನನ್ನ ಬಳಿ ಎರಡು ಲಕ್ಷಕ್ಕೆ ಸ್ವಲ್ಪವೇ ಕಡಿಮೆ ಇತ್ತು. ದುಡ್ಡು ಗಳಿಸುವ ಚಿಂತೆ ಇರಲಿಲ್ಲ. ನಮ್ಮ ಮನೆಯಲ್ಲಿ ಅದನ್ನು ಒಂದು ವರ್ಷ ಉಳಿಸುವ ಚಿಂತೆ.

ಮೇಲಿನ ಮನೆಯಲ್ಲಿ ಶ್ಯಾಮ ಮತ್ತು ಸಾಯಲಿ ಇದ್ದಾರೆ. ಶ್ಯಾಮ ನಮ್ಮ ಧಾರವಾಡದ ಕಡೆಯವನೇ. ಆ ದಿನಗಳಲ್ಲೇ ಒಮ್ಮೆ, ಹೆಂಡತಿಯ ಕುಪ್ಪಸದ ಅಳತೆ ಮುಗಿಯುವ ತನಕ ನಮ್ಮ ಸೋಫಾದಲ್ಲಿ ಕೂತು ಫೋನು ತಿಕ್ಕುತ್ತಿದ್ದ. ಅದೇನು ನೋಡ್ತೀಯೋ ಅಂದೆ. ಸರಕಾರದ ಟ್ರೆಜರಿ ಬಿಲ್ಲು ಕಾಕೂ, ನಿನ್ನೆ ಲಿಲಾವು ಆತು, ನನಗ ಸಿಕ್ಕಾವು ಅಂದ. ಸರಕಾರದ್ದು ಎಂಥ ಲಿಲಾವು, ಜಪ್ತಿ ಮಾಡಿದ ಸಾಮಾನಿನ ಹರಾಜೇನು ಎಂದು ಕೇಳಿದೆ. ಅಲ್ಲವಂತೆ. ಸರಕಾರ ತನ್ನ ಖರ್ಚಿನ ದುಡ್ಡಿಗೆ ಪ್ರತಿ ಬುಧವಾರ ಲಿಲಾವು ನಡೆಸುತ್ತದೆ. ವರ್ಷದ ಬಿಲ್ಲಾದರೆ ಇವತ್ತು ತೊಂಬತ್ತನಾಲ್ಕು ರೂಪಾಯಿಯ ಆಸುಪಾಸು ತೆಗೆದುಕೊಂಡು, ಅವಧಿ ಮುಗಿದ ದಿನ ಪೂರಾ ನೂರು ಕೊಡುತ್ತದೆ. ನಡುವೆ ಬಡ್ಡಿ ಗಿಡ್ಡಿ ಏನಿಲ್ಲ, ಆ ಅಂತರವೇ ನಮ್ಮ ಲಾಭ. ಮೂರು ತಿಂಗಳಿನವು, ಆರು ತಿಂಗಳಿನವು, ಒಂದು ವರ್ಷದವು ಇವೆ. ಹತ್ತು ಸಾವಿರದಿಂದ ಯಾರು ಬೇಕಾದರೂ ಕೊಳ್ಳಬಹುದು.

ಶ್ಯಾಮ ಇನ್ನೂ ತಿಳಿಸಿ ಹೇಳಲು ಕಾಗದ ಹುಡುಕುತ್ತಿದ್ದ. ನಾನು ಟೇಪು ಕೊರಳಿಗೆ ಹಾಕಿಕೊಂಡು ನಕ್ಕುಬಿಟ್ಟೆ. ಇದು ನಮ್ಮ ಭಿಶಿ ಅಲ್ಲವೇನಕ್ಕಾ! ನೀನು ಧಾರವಾಡದಲ್ಲಿ ನಡೆಸುವ ಲಿಲಾವಿನ ಭಿಶಿ, ಹೆಂಗಸರ ಚೀಟಿ! ಅವಸರವಿದ್ದವಳು ಕಡಿಮೆಗೆ ಕೂಗಿ ದುಡ್ಡು ಎತ್ತುತ್ತಾಳೆ, ಆಮೇಲೆ ಪೂರಾ ಕಂತು ತುಂಬುತ್ತಾಳೆ, ತಡೆದು ಕೂತವಳಿಗೆ ಲಾಭ. ಇಲ್ಲಿ ಅವಸರದವಳು ಸರಕಾರ, ಅಷ್ಟೇ. ಮತ್ತೆ ಈ ಸದಸ್ಯೆ ದುಡ್ಡು ಎತ್ತಿ ರಾತ್ರೋರಾತ್ರಿ ಮನೆ ಬದಲಿಸಿ ಹೋಗುವವಳಲ್ಲ.

ಒಂದೇ ಬೇಜಾರು. ಎಷ್ಟಕ್ಕೆ ಕೂಗಬೇಕೋ ಅಂತ ಸೆರಗು ಬಿಗಿದು ಕೇಳಿದರೆ, ನೀವು ಕೂಗೂ ಹಂಗಿಲ್ರಿ ಕಾಕೂ, ದೊಡ್ಡ ಬ್ಯಾಂಕಿನವರು ಕೂಗತಾರ, ಅವರದು ಸರಾಸರಿ ಎಷ್ಟಾಗತದೋ ಆ ದರಕ್ಕ ನಿಮಗ ಸಿಗತಾವು ಅಂದ. ಭಿಶಿಯಲ್ಲಿ ನನ್ನಷ್ಟು ಖಡಕ್ಕಾಗಿ ಕೂಗುವವಳು ಯಾರಿದ್ದರು ಹೇಳು! ಅಂಥವಳು ಬಾಯಿ ಮುಚ್ಚಿಕೊಂಡು ಕೂಡಬೇಕಾಯಿತು. ಮನೆಯವರಿಗೆ ಇದನ್ನು ಹೇಳಿದರೆ, ಸರಕಾರಕ್ಕ ಸಾಧ್ಯ ಆದದ್ದು ನನಗ ಆಗಲಿಲ್ಲ ನೋಡು ಅಂದರು.

ರಿಸರ್ವ್ ಬ್ಯಾಂಕಿನ ರಿಟೇಲ್ ಡೈರೆಕ್ಟ್ ಖಾತೆಯನ್ನು ನನ್ನ ಒಬ್ಬಳ ಹೆಸರಿನಲ್ಲೇ ತೆರೆದೆ. ಕಳೆದ ವರ್ಷ ಫೆಬ್ರವರಿಯಲ್ಲಿ ಒಂದು ವರ್ಷದ ಬಿಲ್ಲು, ಎರಡು ಲಕ್ಷದ್ದು, ಕೇಳಿದೆ. ದುಡ್ಡು ಖಾತೆಯಿಂದ ಹೋಯಿತು. ಆದರೆ ರಸೀದಿ ಇಲ್ಲ, ಮುದ್ರೆ ಇಲ್ಲ, ಟ್ರಂಕಿನಲ್ಲಿ ಸೀರೆಯ ಕೆಳಗೆ ಇಡಲು ಒಂದು ಚೂರು ಕಾಗದ ಇಲ್ಲ, ಫೋನಿನ ಮೇಲೆ ಒಂದು ಸಾಲು ಮಾತ್ರ. ಆಮೇಲೆ ಒಂದಿಷ್ಟು ದುಡ್ಡು ತಿರುಗಿ ಖಾತೆಗೆ ಬಂದು ಬಿತ್ತು. ಮುಗಿಯಿತು, ನನ್ನ ಅರ್ಜಿ ತಿರಸ್ಕಾರ ಮಾಡಿದರು ಎಂದುಕೊಂಡು, ರೊಟ್ಟಿಯ ಹಿಟ್ಟಿನ ಕೈಯಲ್ಲೇ ಮೇಲೆ ಓಡಿದೆ. ಶ್ಯಾಮ ನಕ್ಕು ನಕ್ಕು ಸಾಕಾದ. ಲಿಲಾವಿಗೆ ಮುಂಚೆ ಒಂಚೂರು ಹೆಚ್ಚೇ ಹಿಡಿದಿಟ್ಟಿರುತ್ತಾರಂತೆ, ದರ ನಿಕ್ಕಿಯಾದ ಮೇಲೆ ಉಳಿದದ್ದು ಮರಳಿಸುತ್ತಾರಂತೆ. ಅವನ ಬಾಗಿಲಿನ ಮೇಲೆ ನನ್ನ ಐದೂ ಬೆರಳು ಮೂಡಿದ್ದವು.

ಅವತ್ತು ರಾತ್ರಿ ಊಟಕ್ಕೆ ಕೂತಾಗ ಇವರಿಗೆ ಹೇಳಿದೆ: ದುಡ್ಡು ಸರಕಾರದ ಕಡೆ ಹೋಗ್ಯದ, ವರ್ಷ ತುಂಬೂತನಕ ಬರಂಗಿಲ್ಲ. ನೀ ಸಹಿ ಮಾಡಿದರೂ ಎಂದು ಕೇಳಿದರು. ನಾ ಸಹಿ ಮಾಡಿದರೂ ಅಂದೆ. ಬೇಸರ ಮಾಡಿಕೊಂಡರೇನೋ ಎಂದುಕೊಂಡೆ. ನೋಡಿದರೆ ಮತ್ತೆರಡು ರೊಟ್ಟಿ ಹಾಕಿಸಿಕೊಂಡರು.

ನಿಜವಾದ ಪರೀಕ್ಷೆ ಬಂದದ್ದು ದೀಪಾವಳಿ ಮುಗಿದ ಮೇಲೆ. ಶನಿವಾರ ಗುರಣ್ಣ ಫೋನು ಮಾಡಿ, ನಾಳೆ ಬರ್ತೀನಿ, ಒಂದು ಕೆಲಸದ ಮಾತದ ಅಂದ. ಗುರಣ್ಣನ ಕೆಲಸದ ಮಾತು ಏನಿರುತ್ತದೆ ಎಂದು ಗೋಡೆಗೂ ಗೊತ್ತು. ಇವರು ಆ ಸಂಜೆಯೆಲ್ಲ ಮಂಕಾಗಿದ್ದರು. ಸಾಯಲಿಯಿಂದ ತಂದ ಚಕ್ಕಲಿ ಒರಳು ಕೊಟ್ಟು ಬರ್ತೀನಿ ಅಂತ ಮೇಲೆ ಹೋದವರು ಅಲ್ಲೇ ಕೂತರು. ಒಂದು ಒರಳು ಕೊಡಲು ಇಷ್ಟು ಹೊತ್ತೇ ಎಂದು ನಾನು ಸಾರು ಎರಡು ಸಲ ಬಿಸಿ ಮಾಡಿದೆ.

ಮರುದಿನ ಗುರಣ್ಣ ಬೆಳಗಾವಿಯ ಕುಂದಾದ ಡಬ್ಬಿಯೊಂದಿಗೆ ಬಂದ. ಚಹಾ ಕುಡಿದ, ಮುಖ ಸಣ್ಣದು ಮಾಡಿದ, ಎರಡನೆಯ ಟೆಂಪೋದ ಮಾತು ತೆಗೆದ. ನಾನು ಅಡಿಗೆಮನೆಯಲ್ಲಿ ಸೌಟು ಹಿಡಿದು ನಿಂತಿದ್ದೆ. ಇವರು ಕೆಮ್ಮಿದರು. ಆಮೇಲೆ, ಆಫೀಸಿನಲ್ಲಿ ಡ್ರೈವರುಗಳಿಗೆ ಹೇಳುವ ದನಿಯಲ್ಲಿ, ದುಡ್ಡು ಸರಕಾರದ ಕಡೆ ಅದಪಾ, ಕೀಲಿ ಬಿದ್ದದ, ನನಗೂ ಮುಟ್ಟಲಿಕ್ಕೆ ಬರೂದಿಲ್ಲ, ನಿಮ್ಮ ವೈನಿ ಮಾಧುರಿಗೂ ಬರೂದಿಲ್ಲ ಅಂದರು. ಮುರಿಸಿದರಾತು ಅಂದ ಗುರಣ್ಣ. ಇದು ಎಫ್‌ಡಿ ಅಲ್ಲ, ಮುರಿಯೂದಲ್ಲ ಅಂದರು ಇವರು. ಅಕ್ಕಾ, ನನ್ನ ಕೈಯ ಸೌಟು ಅಲ್ಲೇ ಕುಣಿಯಿತು! ಗುರಣ್ಣ ಊಟ ಮಾಡಿ, ಬಸ್ಸು ಹತ್ತಿ ಹೋದ. ಇವರು ಗ್ಯಾಲರಿಯಲ್ಲಿ ನಿಂತು ಸೀಟಿ ಹೊಡೆದರು. ಇಪ್ಪತ್ತಾರು ವರ್ಷದಲ್ಲಿ ಅವರಿಗೆ ಸೀಟಿ ಹೊಡೆಯಲು ಬರುತ್ತದೆಂದು ನನಗೆ ಗೊತ್ತಿರಲಿಲ್ಲ.

ಆಮೇಲೆ ಅವರಿಗೆ ರುಚಿ ಹತ್ತಿತು. ಯಾರೇ ಬರಲಿ, ಸರಕಾರ, ಕೀಲಿ, ಏನು ಮಾಡೂದು ಅಂತ ಕೈ ಅಲ್ಲಾಡಿಸುತ್ತಿದ್ದರು. ಯಾರಿಗೂ ಸಿಟ್ಟು ಬರಲಿಲ್ಲ, ಯಾರ ನಂಟೂ ಕಡಿಯಲಿಲ್ಲ.

ಈಗ ಗುಟ್ಟು. ಸುತ್ತ ಯಾರೂ ಇಲ್ಲವಷ್ಟೇ?

ಆ ಕೀಲಿಗೆ ಕೀಲಿಕೈ ಇತ್ತು. ಟ್ರೆಜರಿ ಬಿಲ್ಲನ್ನು ಅವಧಿಗೆ ಮುಂಚೆಯೇ ಮಾರಬಹುದು. ಅದೇ ಫೋನಿನಲ್ಲಿ, ಕೊಳ್ಳುವವರು ಸಿಕ್ಕರೆ, ಅವತ್ತಿನ ದರಕ್ಕೆ. ಶ್ಯಾಮ ಮೊದಲ ದಿನವೇ ನನಗೆ ಹೇಳಿದ್ದ. ನಾನು ಆ ಮಾತನ್ನು ಮನೆಯೊಳಗೆ ತರಲೇ ಇಲ್ಲ. ಗೊತ್ತಾಗಿದ್ದರೆ ಇವರು ಮತ್ತೆ ಅಡಿಗೆಮನೆಯ ಬಾಗಿಲಲ್ಲಿ ಬಂದು ನಿಲ್ಲುತ್ತಿದ್ದರು, ನಾನು ಮತ್ತೆ ಕೈ ಒರೆಸಿಕೊಳ್ಳುತ್ತಿದ್ದೆ, ಗಾಳಾದಲ್ಲಿ ಇವತ್ತು ಮೊಬೈಲ್ ಕವರ್ ತೂಗುತ್ತಿದ್ದವು. ಸರಕಾರ ಕೀಲಿ ಹಾಕಿರಲಿಲ್ಲ ಅಕ್ಕಾ, ನಾನು ಹಾಕಿದ್ದೆ. ಇಪ್ಪತ್ತಾರು ವರ್ಷ ನೀನು ಬೈದು ಬೈದು ಮಾಡಲಾಗದ್ದನ್ನು ನಿನ್ನ ತಂಗಿ ಒಂದೇ ಸುಳ್ಳಿನಲ್ಲಿ ಮಾಡಿ ಮುಗಿಸಿದಳು. ಹೊಗಳು! ಆದರೆ ಇವರ ಕಿವಿಗೆ ಬೀಳಬಾರದು. ಪಾಪ, ಇನ್ನೂ ಸರಕಾರವನ್ನೇ ನಂಬಿದ್ದಾರೆ.

ಲಿಲಾವಿನ ಮರುದಿನ, ಗುರುವಾರ, ಸರಕಾರಕ್ಕೆ ಸೇರಿದ ದುಡ್ಡು ಈ ಫೆಬ್ರವರಿಯ ಒಂದು ಗುರುವಾರವೇ ಬಂತು. ಪೂರಾ ಎರಡು ಲಕ್ಷ, ಯಾರ ಕೈಯೂ ತಾಗದೆ. ಸಂದೇಶವನ್ನು ಇವರಿಗೆ ತೋರಿಸಿದೆ. ಚಪ್ಪಲಿ ಹಾಕಿಕೊಳ್ಳಿರಿ, ಯಾರಾದರೂ ಬರುವ ಮುಂಚೆ ಶಿವಾನಿಗೆ ಮುಟ್ಟಿಸಿ ಬರೋಣ ಅಂದರೆ ಅವರು ಆಗಲೇ ಮೆಟ್ಟಿಲ ಮೇಲಿದ್ದರು. ನಿನ್ನೆ ಒಂದೇ ದಿನಕ್ಕೆ ಒಂಬತ್ತು ಕುಪ್ಪಸದ ಅಳತೆ ಬಂದಿದೆ. ಒಗ್ಗರಣೆ ಅಂದ ಹುಡುಗಿಯೂ ಬಂದಿದ್ದಳು. ಮೂಸಿ ನೋಡಲಿಲ್ಲ.

ನಿನ್ನ ಮೊಣಕಾಲು ಹೇಗಿದೆ? ಯುಗಾದಿಗೆ ಇಬ್ಬರೂ ಬರ್ರಿ. ಅಂಗಡಿಯಲ್ಲಿ ನಿನಗೊಂದು ಕುರ್ಚಿ ಇಟ್ಟಿದ್ದೇನೆ. ಕೂತು ಗಿರಾಕಿಗಳನ್ನು ಗದರಿಸಬಾರದು, ಅಷ್ಟೇ ಕರಾರು.

ಗೆದ್ದು ಕೂತಿರುವ ನಿನ್ನ ತಂಗಿ,
ಮಾಧುರಿ

ತಾಜಾಕಲಂ: ಗಂಟು ಕಟ್ಟುವವಳಿದ್ದೆ, ಸಾಯಲಿ ಅಂಗಡಿಗೆ ಬಂದಳು, ಗಂಟು ಬಿಚ್ಚಿ ಮತ್ತೆ ಬರೆಯುತ್ತಿದ್ದೇನೆ. ಅಂಗಡಿ ಆಯಿತಲ್ಲ ಕಾಕೂ, ಇನ್ನು ಹೇಳಿದರೆ ನಡೀತದ ಎಂದು ಅವಳು ಹೇಳಿದ್ದು ಇದು. ದೀಪಾವಳಿ ಮುಗಿದ ಮೇಲಿನ ಆ ಶನಿವಾರ, ಗುರಣ್ಣ ಬರುವ ಹಿಂದಿನ ಸಂಜೆ, ಚಕ್ಕಲಿ ಒರಳು ಹಿಡಿದು ಮೇಲೆ ಹೋದ ನಮ್ಮನೆಯವರು ಶ್ಯಾಮನಿಗೆ, ಈ ಬಿಲ್ಲು ನಡುವೆಯೇ ಮಾರಲಿಕ್ಕೆ ಬರ್ತದೇನು ಎಂದು ಕೇಳಿದರಂತೆ. ಬರ್ತದ್ರಿ ಎಂದು ಶ್ಯಾಮ ಫೋನು ತೆಗೆದು ತೋರಿಸಲು ಹೋದರೆ, ಇವರು ಅದರ ಮೇಲೆ ಕೈ ಮುಚ್ಚಿದರಂತೆ. ಆಮೇಲೆ ಏಳುವಾಗ, ನನಗ ಇದು ಗೊತ್ತಾತು ಅಂತ ಆಕಿಗೆ ಹೇಳಬ್ಯಾಡ್ರಿ, ಕೀಲಿ ಅದ ಅಂತ ಆಕಿ ನಿಶ್ಚಿಂತಿ ಇದ್ದಾಳ, ಹಂಗೇ ಇರ್ಲಿ ಅಂದರಂತೆ.

ಅಕ್ಕಾ, ಅವರಿಗೆ ಗೊತ್ತಿತ್ತು. ಗುರಣ್ಣನ ಎದುರು ಕೂತು, ಗೊತ್ತಿದ್ದೇ, ಇಲ್ಲ ಅಂದರು.

ಈ ಪತ್ರ ಹರಿಯಬೇಡ. ಭಾವನನ್ನು ಪಕ್ಕಕ್ಕೆ ಕೂಡಿಸಿಕೊಂಡು, ಮೊದಲಿನಿಂದ ದೊಡ್ಡಕ್ಕೆ ಓದು. ಓದಿ ಮುಗಿದ ಮೇಲೆ ಇವರಿಗೆ ಫೋನು ಮಾಡು, ಸ್ಪೀಕರ್ ಹಾಕಿಯೇ ಮಾಡು. ಮಾಡಿ, ಧರ್ಮಛತ್ರ ಅನ್ನದೆ, ಚನ್ನವೀರಣ್ಣ ಎಂದು ಒಂದು ಸಲ ಕರೆ.