ಹಾಡದ ಗಡಿಗೆ

ಜೂನ್ ೧೮, ಮಂಗಳವಾರ

ಆರಕ್ಕೆ ಎದ್ದೆ. ನಮ್ಮ ಕಡೆ ಜೂನ್ ಅಂದರೆ ನಡು ಚಳಿಗಾಲ, ಹುಲ್ಲಿನ ಮೇಲೆ ಇಬ್ಬನಿ ಹೆಪ್ಪುಗಟ್ಟಿತ್ತು. ಟೀ ಕುಡಿದು ನೇರ ಶೆಡ್ಡಿಗೆ. ಎಂಟನೇ ನಂಬರಿನ ಕ್ಯಾಂಪ್ ಓವನ್ನಿಗೆ, ಅಂದರೆ ಕೆಂಡದ ಮೇಲಿಡುವ ಎರಕದ ಕಬ್ಬಿಣದ ಗಡಿಗೆಗೆ, ಮೂರನೇ ಸಲ ಎಣ್ಣೆ ಹಚ್ಚಿ ಸುಟ್ಟೆ. ಹಚ್ಚಿದ ಎಣ್ಣೆಯನ್ನೆಲ್ಲ ಮತ್ತೆ ಒರೆಸಿಬಿಡಬೇಕು, ಆಗಲೇ ಕಪ್ಪು ಹೊಳಪು ಬರುವುದು. ಜನಕ್ಕೆ ಹೇಳಿ ಹೇಳಿ ಸಾಕಾಗಿದೆ. ಮಂದವಾಗಿ ಬಳಿಯುತ್ತಾರೆ, ಆಮೇಲೆ ಅಂಟು ಅಂಟು ಅಂತ ಅಳುತ್ತಾ ಬರುತ್ತಾರೆ.

ಮಾರ್ಲೀನ್ ಬಾಗಿಲಲ್ಲಿ ನಿಂತು ನೋಡಿದಳು. "ಈ ಮೂರು ಕಾಲಿನ ಗಡಿಗೆಗಳಿಗೆ ಸವರುವ ಎಣ್ಣೇಲಿ ಕಾಲುಭಾಗ ನನ್ನ ಮಂಡಿಗೆ ತಿಕ್ಕಿದ್ರೆ ನಾನು ಕುಣಿದಾಡ್ತಿದ್ದೆ, ಕ್ಲೆಮ್." ನಲವತ್ತೊಂದು ವರ್ಷದ ಸಂಸಾರ. ಇನ್ನೊಂದು ಸಲ ಎಣ್ಣೆ ಒರೆಸಿದೆ.

ಹತ್ತು ಗಂಟೆಗೆ ನೋಲೀನ್ ಟ್ವೀಡಿ ಬಂದಳು. ಯೂಟ್ ಪಿಕಪ್ ಗಾಡಿಯ ಹಿಂಭಾಗದಲ್ಲಿ ಗೋಣಿಯಲ್ಲಿ ಸುತ್ತಿದ ಹತ್ತನೇ ನಂಬರಿನ ಓವನ್, ಮುಚ್ಚಳ ಸಮೇತ. ಅವಳ ಅತ್ತೆ ಹಿಲ್ಡಾಳದ್ದು. ೧೯೬೯ರಲ್ಲಿ ಸೊಸೆಯಾಗಿ ಬಂದಾಗ ಇವಳ ಕೈಗೆ ಕೊಟ್ಟದ್ದಂತೆ. ಈಗ ಮೊಮ್ಮಗನ ಮದುವೆ, ಜುಲೈ ಇಪ್ಪತ್ತಕ್ಕೆ. ಹೊಸ ಹುಡುಗಿ ಟಾಲಿಯಾಗೆ ಇದು ಉಡುಗೊರೆ.

"ಕೆರೆದು ಉಜ್ಜಿ ಹೊಸದು ಮಾಡಿ ಕೊಡು. ನಿನ್ನ ಕೈಗೆ ಸಿಕ್ಕ ಗಡಿಗೆ ಯಾವುದೂ ಇದುವರೆಗೆ ಹಾಳಾಗಿಲ್ಲ ಅಂತಾರಲ್ಲ ಎಲ್ಲ."

"ಒಂದೂ ಇಲ್ಲ," ಅಂದೆ. ಹೇಳಬಾರದಿತ್ತು.

ಐವತ್ತು ವರ್ಷದ ಕರಿ, ಬೆರಳುದಪ್ಪ. ಬೆರಳಗಂಟಿನಿಂದ ಬಡಿದು ನೋಡಿದೆ. ಮೊದ್ದು ಸದ್ದು. ಗಟ್ಟಿ ಎರಕ ಗಂಟೆಯ ಹಾಗೆ ಠಣ್ ಅನ್ನಬೇಕು, ಬಿರುಕು ಬಿಟ್ಟದ್ದು ದಬ್ ಅನ್ನುತ್ತದೆ. ಆದರೆ ಇಷ್ಟು ಕರಿ ಹೊದ್ದರೆ ಗಂಟೆಯೂ ದಬ್ ಅನ್ನುತ್ತದೆ. ತೊಳೆದ ಮೇಲೆ ನೋಡೋಣ. ಕಾಸ್ಟಿಕ್ ಸೋಡಾ ತೊಟ್ಟಿಗೆ ಇಳಿಸಿದೆ.

ನೋಲೀನ್ ಏನೋ ಹೇಳಲು ಬಾಯಿ ತೆರೆದು, ಹವಾಮಾನದ ಬಗ್ಗೆ ಮಾತಾಡಿ ಹೋದಳು.

ಜುಲೈ ೨, ಮಂಗಳವಾರ

ಎರಡು ವಾರ ನೆನೆಯಿತು. ಕೈಗವಸು ಹಾಕಿ ಎತ್ತಿದೆ. ಕರಿ ಸಿಪ್ಪೆ ಸಿಪ್ಪೆಯಾಗಿ ಬಿಟ್ಟಿತು. ಒಳಗೆ ಬೂದುಬಣ್ಣದ ಬೆತ್ತಲೆ ಕಬ್ಬಿಣ. ಎಂಥಾ ಎರಕ! ಹಿಡಿಯ ಕೆಳಗೆ ಕಾರ್ಖಾನೆಯ ಗುರುತು. ನನ್ನ 'ಸವತಿ'ಯ ಅವಳಿ ಇದು. ಅದೇ ಕಾರ್ಖಾನೆ, ಅದೇ ಅಳತೆ. (ಸವತಿ ಅಂತ ಹೆಸರಿಟ್ಟವಳು ಮಾರ್ಲೀನ್. ನನ್ನ ಇಡೀ ಸಂಗ್ರಹದಲ್ಲಿ ಅತ್ಯುತ್ತಮ ಗಡಿಗೆ. ಹಾಸಿಗೆಗೆ ಮಾತ್ರ ತಂದಿಲ್ಲ ಅನ್ನುತ್ತಾಳೆ.)

ಖುಷಿಯಾದ ದಿನ. ಮಧ್ಯಾಹ್ನ ಶೆಡ್ಡಿನಲ್ಲೇ ಡ್ಯಾಂಪರ್ ರೊಟ್ಟಿ ಸುಟ್ಟು ಬೆಣ್ಣೆ, ಪಾಕ ಸುರಿದು ತಿಂದೆವು. ಮಾರ್ಲೀನ್ ಎರಡು ತುಂಡು ಹೆಚ್ಚೇ ತಿಂದಳು.

ಜುಲೈ ೩, ಬುಧವಾರ

ಹಾಳಾಯಿತು.

ತೊಳೆದು, ಬಡಿದು ನೋಡುವುದನ್ನು ಒಣಗಿದ ಮೇಲೆ ಅಂತ ಬಿಟ್ಟು, ತುಕ್ಕು ಹಿಡಿಯಬಾರದು ಅಂತ ಒಲೆಯ ಮೇಲೆ ಒಣಗಲು ಇಟ್ಟೆ. ರೇಡಿಯೋದಲ್ಲಿ ಫುಟ್‌ಬಾಲ್ ಮಾತು. ಮರೆತೆ. ನೋಡಿದಾಗ ಕಾದು ಹೊಗೆ ಬರುತ್ತಿತ್ತು. ಗಾಬರಿಯಲ್ಲಿ ಒದ್ದೆ ಬಟ್ಟೆ ಹಿಡಿದು ಎತ್ತಿದೆ— ಬಟ್ಟೆಯ ನೀರು ತಳಕ್ಕೆ ಬಿತ್ತು. ಟಕ್ ಅಂದಿತು.

ಆ ಸದ್ದು ಯಾವ ಗಡಿಗೆಯವನಿಗೂ ಬೇಡ.

ತಳದಲ್ಲಿ ಒಂದು ಗೇಣು ಗೆರೆ. ಒಳಗೆ ಪುಡಿ ಪುಡಿ ಬಿದ್ದಿತ್ತು, ಗುಡಿಸಿ ಮೂಲೆಗೆ ತಳ್ಳಿದೆ. ತಣ್ಣಗಾದ ಮೇಲೆ ನೀರು ತುಂಬಿ ನೋಡಿದೆ. ತೊಟ್ಟಿಕ್ಕಿತು. ಕಾದ ಕಬ್ಬಿಣಕ್ಕೆ ತಣ್ಣೀರು! ಮೊದಲ ದಿನ ಬಂದ ಪೆದ್ದನೂ ಮಾಡುವುದಿಲ್ಲ ಇದನ್ನ. ಮೂವತ್ತು ವರ್ಷ ಊರಿಗೆಲ್ಲ ಬುದ್ಧಿ ಹೇಳಿದವನು ನಾನು.

ಮಾರ್ಲೀನ್‌ಗೆ ಹೇಳಲಿಲ್ಲ.

ಜುಲೈ ೭, ಭಾನುವಾರ

ಮೂರು ದಿನ ಬರೆಯಲಿಲ್ಲ. ಬರೆಯುವಂಥದ್ದೇನೂ ಮಾಡಲಿಲ್ಲ. ಇವತ್ತು ಮಾಡಿದ್ದೂ ಬರೆಯುವಂಥದ್ದಲ್ಲ.

ಸವತಿಯನ್ನು ಕಪಾಟಿನಿಂದ ಇಳಿಸಿದೆ. ಟ್ವೀಡಿಗಳ ಮುಚ್ಚಳ ಅದರ ಮೇಲೆ ಕೂರಿಸಿದೆ. ಕೂದಲೆಳೆಯಷ್ಟೂ ಸಂದಿಲ್ಲ. ಅದಕ್ಕೇ ಹುಟ್ಟಿದ ಹಾಗೆ ಕೂತಿತು, ದರಿದ್ರದ್ದು. ಎರಡರ ಹೊಳಪನ್ನೂ ಒಂದೇ ಸಮ ಮಾಡಿದೆ. ಯಾರಿಗೂ ಗೊತ್ತಾಗುವುದಿಲ್ಲ. ಟಾಲಿಯಾಗೆ ಒಳ್ಳೆಯ ಗಡಿಗೆಯೇ ಸಿಗುತ್ತದೆ, ಹಳೆಯದಕ್ಕಿಂತ ಒಳ್ಳೆಯದೇ. ಯಾರಿಗೆ ನಷ್ಟ? ನನಗೆ ಮಾತ್ರ.

ಹೀಗೆಲ್ಲ ಬೆಳಗಿನಿಂದ ನನಗೆ ನಾನೇ ವಕೀಲಿ ಮಾಡಿಕೊಂಡೆ.

ಮಾರ್ಲೀನ್ ಕಪಾಟು ನೋಡಿದಳು. "ಸವತಿ ಎಲ್ಲಿ?"

"ಹೊಳಪಿಗೆ ಇಳಿಸಿದೀನಿ."

"ಹಾಂ," ಅಂದಳು. ಆ 'ಹಾಂ' ಚೆನ್ನಾಗಿರಲಿಲ್ಲ.

ಜುಲೈ ೯, ಮಂಗಳವಾರ

ನೋಲೀನ್ ಬಂದಳು. ಬೆಂಚಿನ ಮೇಲೆ ಸವತಿ, ತಲೆಯ ಮೇಲೆ ಟ್ವೀಡಿ ಮುಚ್ಚಳ, ಕನ್ನಡಿಯ ಹಾಗೆ ಹೊಳೆಯುತ್ತಾ. ನೋಲೀನ್ ಕೈಯಾಡಿಸಿದಳು. ಮುಖ ಅರಳಿತು. "ಅಬ್ಬಾ, ಕ್ಲೆಮ್!" ಮುಚ್ಚಳ ತೆಗೆದಳು. ಬೆರಳಗಂಟಿನಿಂದ ಒಂದೇ ಒಂದು ಸಲ ಬಡಿದಳು.

ಠಣ್...

ಶೆಡ್ಡೆಲ್ಲ ಕೇಳಿಸಿತು. ಅವಳ ಮುಖ ಇಳಿಯಿತು.

"ಇದು ನನ್ನದಲ್ಲ."

"ಏನು ಹಾಗಂದ್ರೆ? ಕರಿ ಹೋಗಿದೆ, ಅದಕ್ಕೇ—"

"ನನ್ನದು ಹಾಡೋದಿಲ್ಲ ಮಾರಾಯ. ಐವತ್ತು ವರ್ಷದಿಂದ ಅದು ಮೂಗಿ. ನನ್ನ ಗಡಿಗೆ ಎಲ್ಲಿ?"

ಗೋಣಿ ಸರಿಸಿ ತೋರಿಸಿದೆ. ಎಲ್ಲ ಹೇಳಿದೆ. ರೇಡಿಯೋ, ಒದ್ದೆ ಬಟ್ಟೆ, ಟಕ್, ಅದಲುಬದಲು. ಬೈಯಲಿ ಅಂತ ತಲೆ ತಗ್ಗಿಸಿ ನಿಂತೆ.

ನೋಲೀನ್ ಸ್ಟೂಲಿನ ಮೇಲೆ ಕೂತು ನಗತೊಡಗಿದಳು. ಕಣ್ಣಲ್ಲಿ ನೀರು ಬರುವಷ್ಟು.

"ಅದನ್ನ ಒಡೆದವನು ನೀನಲ್ಲ ಕಣೋ. ನಾನು! ಮದುವೆಯಾಗಿ ಮೂರನೇ ವಾರ. ಹಿಂಬಾಗಿಲ ಕಲ್ಲಿನ ಮೆಟ್ಟಿಲ ಮೇಲೆ ಕೈಜಾರಿ ಬೀಳಿಸಿದೆ. ಅತ್ತೆ ಕುರಿ ದೊಡ್ಡಿ ಹತ್ತಿರ ಇದ್ರು. ಹಿಟ್ಟು, ಕೊಬ್ಬು ಕಲಸಿ ಬಿರುಕಿಗೆ ಮೆತ್ತಿ ಸುಟ್ಟುಬಿಟ್ಟೆ. ಅವರು ಸಾಯೋವರೆಗೂ ಹೇಳಲಿಲ್ಲ."

"ಅದಕ್ಕೇನಾ ನೀನು ಯಾವತ್ತೂ ಸಾರು ಮಾಡದೇ..."

"ಅದಕ್ಕೇ. ರೊಟ್ಟಿ, ಹುರಿದ ಮಾಂಸ, ಇಷ್ಟೇ. ಅತ್ತೆ ಮನೇಲಿ ಸಾರಿಗೆ ಇದೊಂದೇ ಗಡಿಗೆ, ಮಾಡಿದ್ರೆ ಸೋರಿ ಗುಟ್ಟು ರಟ್ಟಾಗುತ್ತಲ್ಲ! ನೋಲೀನ್‌ಗೆ ಸಾರು ಅಂದ್ರೆ ಆಗೋದಿಲ್ಲ ಅಂತ ಊರೆಲ್ಲ ಹೇಳುತ್ತೆ. ನನಗೆ ಸಾರು ಅಂದ್ರೆ ಪ್ರಾಣ, ಕ್ಲೆಮ್. ಅತ್ತೆ ಪ್ರತಿ ಚಳಿಗಾಲ ಕೇಳೋರು, 'ನೋಲೀನ್, ಈ ಸಲನೂ ಸಾರಿಲ್ವಾ?' ನಾನು ಹೊಟ್ಟೆ ಹಿಡಕೊಂಡು, 'ನನಗೆ ಒಗ್ಗೋದಿಲ್ಲ ಅತ್ತೆ' ಅನ್ನೋದು."

ಅವತ್ತು ಗಡಿಗೆ ತಂದಾಗಲೇ ಹೇಳಬೇಕೆಂದಿದ್ದಳಂತೆ. ಬಾಯಿ ಬರಲಿಲ್ಲವಂತೆ. ತೊಳೆದ ಮೇಲೆ ನಾನೇ ಕಂಡುಹಿಡಿದು ಹೇಳುತ್ತೇನೆ ಅಂದುಕೊಂಡಳಂತೆ. ಇಬ್ಬರು ಕಳ್ಳರು ಟೀ ಕುಡಿದೆವು.

ಜುಲೈ ೧೦, ಬುಧವಾರ

ಒಂದು ಅನುಮಾನ. ಬಿರುಕು ಹಳೆಯದು, ಸರಿ. ಹಾಗಾದರೆ ಆ ಟಕ್ ಯಾವುದರದ್ದು? ಹಿಟ್ಟು-ಕೊಬ್ಬು ಸೋಡಾದಲ್ಲಿ ಎಂದೋ ಕರಗಿಹೋಗಿರುತ್ತದೆ.

ಮೂಲೆಗೆ ಗುಡಿಸಿದ ಪುಡಿ ತೆಗೆದು ಭೂತಗನ್ನಡಿಯಲ್ಲಿ ನೋಡಿದೆ. ಉದ್ದನೆಯ ಎರಡು ಚೂರು, ಕಲ್ಲಿನಷ್ಟು ಗಟ್ಟಿ, ತುಕ್ಕುಗೆಂಪು. ಅಯಸ್ಕಾಂತಕ್ಕೆ ಅಂಟಿತು. ಕಬ್ಬಿಣದ ಅರದ ಪುಡಿ, ನವಸಾಗರ, ಗಂಧಕ. ಹಳೇ ಕಮ್ಮಾರರ ಮೆತ್ತು. ಬಿರುಕಿನ ಅಂಚು ನೋಡಿದರೆ ಉಳಿಯಿಂದ ನೀಟಾಗಿ ಕೆತ್ತಿ ತುಂಬಿದ್ದಾರೆ. ಕಸುಬುದಾರನ ಕೆಲಸ.

ನೋಲೀನ್ ಮನೆಗೆ ಹೋದೆ. ಬಟ್ಟೆ ಒಣಹಾಕುತ್ತಿದ್ದಳು. ಚೂರುಗಳನ್ನು ಅಂಗೈ ಮೇಲಿಟ್ಟೆ.

"ಇದನ್ನ ನೀನು ಮಾಡಿಸಿದ್ದಾ?"

"ಏನಿದು?"

"ಯಾರೋ ಕಮ್ಮಾರನ ಕೈಲಿ ಬಿರುಕು ಮುಚ್ಚಿಸಿದಾರೆ. ಒಂದು ಹನಿ ಸೋರುತ್ತಿರಲಿಲ್ಲ ಇದಿದ್ದಾಗ. ಗಡಿಗೆ ಯಾವತ್ತಾದರೂ ನಿನ್ನ ಕಣ್ಣುತಪ್ಪಿ ಇತ್ತಾ?"

"ಎಲ್ಲಿ ಹೋಗುತ್ತೆ? ಅಡುಗೆಮನೆ ಬಿಟ್ಟು ಕದಲಿಲ್ಲ. ೭೧ರಲ್ಲಿ ಹೆರಿಗೆಗೆ ಆಸ್ಪತ್ರೇಲಿ ಎರಡು ವಾರ ಇದ್ದೆ, ಅಷ್ಟೇ. ಮನೇಲಿ ಅತ್ತೆ ಒಬ್ಬರೇ..."

ಕ್ಲಿಪ್ಪು ಕೈಯಲ್ಲೇ ಉಳಿಯಿತು.

"ಮಗೂನ ಎತ್ತಿಕೊಂಡು ಬಂದಾಗ ಒಲೆ ಮೇಲೆ ಸಾರಿತ್ತು," ಅಂದಳು. "ಕುರಿಮಾಂಸ, ಬಾರ್ಲಿ. ಎರಡು ಬಟ್ಟಲು ತಿಂದೆ. ಯಾವ ಪಾತ್ರೆಯಲ್ಲಿ ಅಂತ ನೋಡಲಿಲ್ಲ ಕ್ಲೆಮ್. ಮಗು ಅಳ್ತಿತ್ತು, ನಾನು ನೋಡಲೇ ಇಲ್ಲ."

ಒದ್ದೆ ದಿಂಬಿನ ಚೀಲವನ್ನು ಎದೆಗೆ ಅವುಚಿಕೊಂಡು ನಿಂತಳು.

"ಗೊತ್ತಿತ್ತು ಅವರಿಗೆ. ಗೊತ್ತಿದ್ದೇ ಪ್ರತಿ ವರ್ಷ ಕೇಳೋರು. ಇಪ್ಪತ್ತು ವರ್ಷ! ಕಳ್ಳ ಮುದುಕಿ... ಒಂದು ಮಾತು ಅನ್ನಬಾರದಿತ್ತಾ?"

ನೀನೂ ಅನ್ನಲಿಲ್ಲವಲ್ಲ ಅಂತ ಬಾಯಿಗೆ ಬಂತು. ಬಟ್ಟೆ ಒಣಹಾಕಲು ಸಹಾಯ ಮಾಡಿ ಬಂದೆ.

ಮಾರ್ಲೀನ್‌ಗೆ ಎಲ್ಲ ಹೇಳಿದೆ. ಅವಳಿಗೆ ಭಾನುವಾರವೇ ಅರ್ಧ ಗೊತ್ತಾಗಿತ್ತಂತೆ. ನಾನೇ ಹೇಳಲಿ ಅಂತ ಕಾದಳಂತೆ. ಈ ಹೆಂಗಸರು!

ಜುಲೈ ೧೯, ಶುಕ್ರವಾರ

ಸವತಿ ವಾಪಸ್ ಕಪಾಟಿಗೆ. ನೋಲೀನ್‌ಗೆ ಅದು ಬೇಡವಂತೆ, ಮೂಗಿಯೇ ಬೇಕಂತೆ. ಹಳೇ ಕಮ್ಮಾರನ ಲೆಕ್ಕದಲ್ಲೇ ಮೆತ್ತು ಕಲಸಿ ತುಂಬಿದ್ದೆ. ಎಂಟು ದಿನ ಬಿಟ್ಟೆ, ಕಲ್ಲಾಯಿತು. ನೀರು ತುಂಬಿ ಕೆಳಗೆ ಕಾಗದ ಹಾಸಿದ್ದೆ. ಇಡೀ ದಿನ ಕಾಗದ ಒಣಗಿಯೇ ಇತ್ತು. ಬಡಿದೆ. ದಬ್. ಹಾಡುವುದಿಲ್ಲ, ಸೋರುವುದೂ ಇಲ್ಲ. ಬಹಳ ಸಮಾಧಾನವಾಯಿತು.

ಜುಲೈ ೨೦, ಶನಿವಾರ, ಮಧ್ಯಾಹ್ನ

ಮದುವೆ ಮುಗಿಯಿತು. ಹಾಲ್ ಹಿಂದೆ ಯೂಟ್‌ನಲ್ಲಿ ಕೂತು ಬರೆಯುತ್ತಿದ್ದೇನೆ. ಮಾರ್ಲೀನ್ ಮಂಡಿನೋವು ಮರೆತು ಕುಣಿಯುತ್ತಿದ್ದಾಳೆ. ನೋಲೀನ್ ಬೆಳಗಿನಿಂದ ಗಿಡ್ಜೀ ಮರದ ಕಟ್ಟಿಗೆಯ ಕೆಂಡದ ಮೇಲೆ ಮೂಗಿಯನ್ನಿಟ್ಟು ಕುರಿಮಾಂಸ-ಬಾರ್ಲಿ ಸಾರು ಮಾಡಿದಳು. ಊರಿಗೆ ಊರೇ ಬಂದು ನೋಡಿ ಹೋಯಿತು. "ನೋಲೀನ್, ನಿನಗೆ ಸಾರು ಆಗೋದಿಲ್ಲ ಅಲ್ವಾ?" "ಈಗ ಆಗುತ್ತೆ, ನಡೀರಿ ಆಚೆ!"

ಆಮೇಲೆ ಟಾಲಿಯಾಳನ್ನು ಕರೆದು ಅವಳ ಕೈಯನ್ನು ಗಡಿಗೆಯ ಹಿಡಿಯ ಮೇಲೆ ಇಡಿಸಿದಳು. ಭಾಷಣ ಮಾಡುತ್ತಾಳೆ ಅಂದುಕೊಂಡೆ. ಇಷ್ಟೇ ಅಂದಳು: "ಭಾರ ಇದೆ ಮಗಳೇ. ಒಂದಲ್ಲ ಒಂದು ದಿನ ಕೈಜಾರುತ್ತೆ. ಬಿದ್ದ ದಿನವೇ ಬಂದು ನನಗೆ ಹೇಳು."

ಹುಡುಗಿ ನಕ್ಕಳು. ನೋಲೀನ್ ನಗಲಿಲ್ಲ. "ಹೇಳ್ತೀಯಾ?" ಅಂತ ಮತ್ತೆ ಕೇಳಿದಳು. "ಹೇಳ್ತೀನಿ ಅಜ್ಜಿ," ಅಂದ ಮೇಲೆಯೇ ಕೈ ಬಿಟ್ಟಳು.

ನನಗೂ ಒಂದು ಬಟ್ಟಲು ಕಳಿಸಿದ್ದಾಳೆ. ಐವತ್ತು ವರ್ಷದ ಮೇಲೆ ಮಾಡಿದ ಸಾರು. ಮಾಂಸ ಬೆಣ್ಣೆಯ ಹಾಗೆ ಬೆಂದಿದೆ. ಬಾರ್ಲಿ ಹದವಾಗಿದೆ. ಉಪ್ಪು ಮಾತ್ರ— ಅಯ್ಯೋ, ಅವಳೇ ಬರುತ್ತಿದ್ದಾಳೆ, ಹೇಗಿದೆ ಅಂತ ಕೇಳೋಕೆ. ಹೇಳಲೋ ಬೇಡವೋ—