ಅವ್ವನ ಬೆರಳಿಗೆ ತಡೆಯುವ ಶಾಯಿ

ತಮ್ಮಯ್ಯಾ,

ಭಾನುವಾರ, ಸಂಜೆ ಆರೂಕಾಲು. ಬೆಳಿಗ್ಗೆ ಬಟ್ಟೆ ಒಗೆದೆ, ಅವ್ವನಿಗೆ ಮುದ್ದೆ ಮಾಡಿಕೊಟ್ಟೆ, ಆಮೇಲಿನ ಹೊತ್ತೆಲ್ಲ ನಿನ್ನ ಕಂಪ್ಯೂಟರಿನ ಮುಂದೆ ಕಳೆಯಿತು. ಮನೆಗೆ ಪ್ರಿಂಟರ್ ತಂದಿದ್ದೇನೆ. ನೀನಿದ್ದಾಗಲೇ ಬರಬೇಕಿತ್ತು.

ನಂಜನಗೂಡಿನ ಫ್ಯಾಕ್ಟರಿಯಲ್ಲಿ ಶಿಫ್ಟ್ ಮುಗಿಸಿ ನರಸೀಪುರಕ್ಕೆ ಬರುವಾಗ ಪ್ರಿಂಟರ್ ಜಾಹೀರಾತಿನ ಬಣ್ಣದ ಚೀಟಿಗಳನ್ನು ಜೇಬಿನಲ್ಲಿ ಮಡಿಸಿಕೊಂಡು ತರುತ್ತಿದ್ದೆಯಲ್ಲ, ಅದು ನೆನಪಾಗುತ್ತದೆ. ನಾನು ಅಡುಗೆ ಮಾಡುತ್ತಿದ್ದರೆ ಪಕ್ಕದಲ್ಲಿ ಕೂತು ಓದಿ ಹೇಳುತ್ತಿದ್ದೆ. ಸೋಮನಾಥಪುರದ ಗುಡಿಯೊಳಗಿನ ಕತ್ತಲಲ್ಲಿ ನೀನು ತೆಗೆದ ಫೋಟೋಗಳು ಲ್ಯಾಬಿನಿಂದ ಬರುವಾಗ ಬೂದಿ ಬಣ್ಣವಾಗಿರುತ್ತಿದ್ದವು. “ಕಪ್ಪು ಅಂದ್ರೆ ಒಂದೇ ಕಪ್ಪಾ ಅಕ್ಕ? ಅದ್ರೊಳಗೆ ಎಷ್ಟ್ ಕಪ್ಪವೆ” ಎನ್ನುತ್ತಿದ್ದೆ. ಒಂದು ಸಲ ನಾನು ರೊಟ್ಟಿ ಹೆಂಚಿನ ತಳ ತೋರಿಸಿ, “ತಕ್ಕೊ, ಇದ್ನ ತೆಗಿ” ಎಂದೆ. ನೀನು ನಿಜವಾಗಿಯೂ ಎದ್ದು ಹೋಗಿ ಕ್ಯಾಮೆರಾ ತಂದೆ.

ನೀನು ಕೆಲಸಕ್ಕೆ ಹೊರಡುವಾಗೆಲ್ಲ ಅವ್ವ ಬೆರಳು ಒದ್ದೆ ಮಾಡಿಕೊಂಡು ನಿನ್ನ ಹಣೆಗೆ ವಿಭೂತಿ ಎಳೆಯುತ್ತಿದ್ದಳು. ಅವಳಿಗೆ ಎಟುಕಲಿ ಎಂದು ನೀನು ಬಾಗಿಲಲ್ಲಿ ಬಗ್ಗಿ ನಿಲ್ಲುತ್ತಿದ್ದೆ. ಕಾಮಾಲೆಯಲ್ಲಿ ನೀನು ಹೋದ ಮೇಲೆ, ಸಂಗಮದ ಮರಳಿನಲ್ಲಿ ನಿನ್ನ ಸ್ನೇಹಿತ ತೆಗೆದಿದ್ದ ಫೋಟೋವನ್ನು ಸಿ.ಡಿ.ಯಿಂದ ಒಂದು ಸ್ಟುಡಿಯೋದಲ್ಲಿ ಪ್ರಿಂಟ್ ಹಾಕಿಸಿದೆ. ಗಾಜಿನ ಕಟ್ಟು ಹಾಕಿಸೋಣ ಎಂದರೆ ಅವ್ವ ಒಪ್ಪಲಿಲ್ಲ. “ಗಾಜಾಕುದ್ರೆ ನನ್ ಮೊಕವೇ ಕಾಣ್ತದೆ ಕಣವ್ವ, ಅವನ್ದೆಲ್ಲಿ ಕಾಣ್ತದೆ?” ಬರಿ ಕಾಗದವನ್ನೇ ರಟ್ಟಿಗೆ ಅಂಟಿಸಿ ಗೋಡೆಗೆ ಹಾಕಿದೆವು. ಮಾರನೆಯ ಬೆಳಿಗ್ಗೆ ಅವಳು ಸ್ನಾನ ಮಾಡಿ ಬಂದು ಒದ್ದೆ ಬೆರಳಿನಲ್ಲಿ ವಿಭೂತಿ ತೆಗೆದುಕೊಂಡು ನಿನ್ನ ಹಣೆಗೆ ಎಳೆದಳು. ಹಣೆ ಬೆರಳಿನ ಜೊತೆಗೇ ಬಂತು. ಹುಬ್ಬು ಕರಗಿ ಕಣ್ಣಿಗೆ ಇಳಿಯಿತು.

“ನಾನೇ ಅಳಸಾಕ್ಬುಟ್ನಲ್ಲವ್ವ” ಎಂದಳು, ಅಷ್ಟೇ. ಅಂದಿನಿಂದ ಅವಳು ವಿಭೂತಿ ಮುಟ್ಟಿಲ್ಲ, ತನ್ನ ಹಣೆಗೂ ಇಟ್ಟುಕೊಂಡಿಲ್ಲ. ಆ ಬೆರಳನ್ನು ಸೆರಗಿನಲ್ಲಿ ಸುತ್ತಿಕೊಂಡೇ ಕೂರುತ್ತಾಳೆ. “ಹೋಗಿದ್ದು ಶಾಯಿ, ನಿನ್ನ ಮಗನಲ್ಲ” ಎಂದು ಅವಳಿಗೆ ಹೇಗೆ ಹೇಳಲಿ ತಮ್ಮಯ್ಯ? ಹೇಳಿದರೂ ಅವಳು...

ಮೈಸೂರಿನ ದೊಡ್ಡ ಲ್ಯಾಬಿನಲ್ಲಿ ಇನ್ನೊಂದು ಪ್ರಿಂಟ್ ಹಾಕಿಸಿ ತಂದೆ. ಅದು ನೀರಿಗೆ ಜಗ್ಗುತ್ತಿರಲಿಲ್ಲ, ಆದರೆ ಅವರ ಮಷೀನು ನಿನ್ನನ್ನು ಬೆಳ್ಳಗೆ ಮಾಡಿಬಿಟ್ಟಿತ್ತು. ಅವ್ವ ಅದನ್ನು ಬೆಳಕಿಗೆ ಹಿಡಿದು, “ಯಾರವ್ವ ಈ ಹೈದ?” ಎಂದು ಕೇಳಿದಳು. ನೀನು ಕಪ್ಪಿನ ವಿಷಯ ಅಷ್ಟೊಂದು ಮಾತಾಡುತ್ತಿದ್ದದ್ದು ಏಕೆಂದು ನನಗೆ ಆಗ ತಿಳಿಯಿತು. ನಿನ್ನ ಮೈಬಣ್ಣವೇ ಬರಬೇಕು, ಒದ್ದೆ ಬೆರಳಿಗೂ ತಡೆಯಬೇಕು. ಹಾಗಾದರೆ ಪ್ರಿಂಟ್ ಮನೆಯಲ್ಲೇ ಆಗಬೇಕು.

ನಿನ್ನೆ ಪ್ರಿಂಟರ್ ಕೊಳ್ಳಲು ಮೈಸೂರಿಗೆ ಹೋದೆ. ಡೈ ಶಾಯಿ ಎಂದರೆ ನೀರಿನಲ್ಲಿ ಕರಗಿದ ಬಣ್ಣ, ಪಿಗ್ಮೆಂಟ್ ಎಂದರೆ ಕರಗದ ಸಣ್ಣ ಪುಡಿ ಎಂದು ನೀನೊಮ್ಮೆ ನನ್ನ ರಂಗೋಲಿ ಡಬ್ಬಿ ತೋರಿಸಿ ಹೇಳಿಕೊಟ್ಟಿದ್ದೆ. ಅಂಗಡಿಯವನು ಮಾತ್ರ ನಿಮಿಷಕ್ಕೆ ಎಷ್ಟು ಪುಟ ಬರುತ್ತದೆ ಎಂದೇ ಹೇಳುತ್ತಿದ್ದ. “ನಿಧಾನ್ವಾಗೇ ಬರ್ಲಿ ಸಾ, ನಮ್ಗೇನ್ ಅರ್ಜೆಂಟಿಲ್ಲ” ಎಂದೆ. ಅಲ್ಲಿಟ್ಟಿದ್ದ ಸ್ಯಾಂಪಲ್ ಫೋಟೋಗಳ ಮೇಲೆ ಬೆರಳಿಗೆ ಎಂಜಲು ಹಚ್ಚಿಕೊಂಡು ಎಳೆದು ನೋಡತೊಡಗಿದೆ. ಒಂದು ಹೂವು ಕರಗಿತು. ಆಮೇಲೆ ಒಂದು ಮಗುವಿನ ಕೆನ್ನೆ.

“ಏನಕ್ಕ ಇದು? ಫೋಟೋ ಇರೋದು ನೋಡಕ್ಕೆ, ಉಜ್ಜಕ್ಕಲ್ಲ.”

“ನಮ್ಮನೇಲಿ ಎರಡ್ಕೂ ಸಾ.”

ಅವನು ನಕ್ಕ. ವಿಷಯ ಹೇಳಿದ ಮೇಲೆ ನಗಲಿಲ್ಲ. ಒಳಗಿನಿಂದ ಬೇರೆ ಫೋಟೋ ತಂದು, ತನ್ನ ಕುಡಿಯುವ ನೀರಿನಲ್ಲಿ ಬೆರಳು ಅದ್ದಿ ತಾನೇ ಉಜ್ಜಿದ. ಏನೂ ಆಗಲಿಲ್ಲ. “ಇದು ಪಿಗ್ಮೆಂಟು. ಆದ್ರೆ ಒಂದ್ ರಾತ್ರಿ ಪೂರ್ತಿ ಒಣಗ್ಬೇಕು ಕಣಕ್ಕ. ಅಮ್ಮಂಗೆ ಅವತ್ತೇ ಮುಟ್ಟಕ್ಕೆ ಬಿಡ್ಬೇಡಿ.” ನೀನು ಆಸೆಪಟ್ಟ ಅಗಲ ಕಾಗದದ ಪ್ರಿಂಟರ್ ಇದಲ್ಲ, ಬರಿ ಎ-ಫೋರಿನದು. ನಿನ್ನ ಗುಡಿಯ ಕತ್ತಲು ಇದರಲ್ಲಿ ಸಣ್ಣದಾಗಿಯೇ ಬರಬೇಕು. ಬೇಸರ ಮಾಡಿಕೊಳ್ಳಬೇಡ.

ಇವತ್ತು ಊಟವಾದ ಮೇಲೆ ಅವ್ವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಪ್ರಿಂಟ್ ಕೊಟ್ಟೆ. ಮೊದಲು ಆಕಾಶ ಇಳಿಯಿತು, ಆಮೇಲೆ ನಿನ್ನ ಕೂದಲು. ಮಷೀನು ಅತ್ತಿಂದಿತ್ತ ಓಡಾಡುತ್ತ ಗೆರೆಗೆರೆಯಾಗಿ ನಿನ್ನನ್ನು ಇಳಿಸುತ್ತಿತ್ತು.

“ಬತ್ತಾವ್ನಾ?” ಎಂದಳು ಅವ್ವ.

“ಬತ್ತಾವ್ನೆ, ಇರವ್ವ.”

ಹಣೆ ಬಂತು. ಹುಬ್ಬು, ಕಣ್ಣು ಬಂದವು. ಅದೇ ಬಣ್ಣ, ಬಿಸಿಲಿನಲ್ಲಿ ನಿಂತು ಇನ್ನಷ್ಟು ಕಪ್ಪಾದ ನಿನ್ನ ಬಣ್ಣ.

“ಊಂ, ಇವ್ನೇಯ” ಎಂದು ಅವ್ವ ಸೆರಗಿನಿಂದ ಬೆರಳು ಬಿಡಿಸಿದಳು. ಕಾಗದದ ಹತ್ತಿರದವರೆಗೂ ತಂದು ನನ್ನ ಮುಖ ನೋಡಿದಳು. ನಾನು ಅವಳ ಕೈ ಹಿಡಿದುಕೊಂಡೆ. “ಇವತ್ತು ಬ್ಯಾಡ ಅವ್ವ, ಒಣಗ್ಬೇಕು.”

“ನಾಳೀಕೆ?”

“ನಾಳೀಕೆ.”

ಅಂಗಡಿಯವನ ಮಾತು ಸುಳ್ಳಾಗದಿರಲಿ. ಇನ್ನೊಂದು ಸಲ ಹಾಗಾದರೆ ಅವಳು... ಅದನ್ನು ಬರೆಯುವುದಿಲ್ಲ. ನೀನೀಗ ಮೇಜಿನ ಮೇಲೆ ಒಣಗುತ್ತಿದ್ದೀಯ. ಧೂಳು ಕೂರದಿರಲಿ ಎಂದು ಫ್ಯಾನ್ ಹಾಕಿಲ್ಲ. ಸ್ವಲ್ಪ ಹೊತ್ತಿಗೆ ಮುಂಚೆ ಅವ್ವ ದೇವರ ಗೂಡಿನಲ್ಲಿ ಕೈಯಾಡಿಸಿ, “ಇಬೂತಿ ಎಲ್ಲಿಟ್ಟಿದ್ದೀಯೆ?” ಎಂದು ಕೇಳಿದಳು.

ನಾಳೆ ಸೋಮವಾರ. ಐದು ಗಂಟೆಗೇ ಸ್ನಾನಕ್ಕೆ ನೀರು ಕಾಯಿಸು ಎಂದಿದ್ದಾಳೆ.

ನಿನ್ನ ಅಕ್ಕ